ಆಪರೇಷನ್ ಆಗಿ ವರ್ಷ ತುಂಬಿತು, ಮೇಷ್ಟ್ರೇ

ಹೋದ ವರ್ಷ ಅಪ್ಪನಿಗೆ ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಒಳಗೇ ಸೀಳಿ, ಹಾಸನದಿಂದ ಬೆಂಗಳೂರಿಗೆ ಕರ್ಕೊಂಡು ಹೋಗಿ ಆಪರೇಷನ್ ಮಾಡಿಸಿದ್ವಿ. ಅಪ್ಪನ ವರ್ಷದ ಸಿ.ಟಿ. ರಿಪೋರ್ಟ್ ಹೋದ ವಾರ ಕೈಗೆ ಬಂತು. ಆ ರಕ್ತನಾಳಕ್ಕೆ ಹಾಕಿರೋ ಕೊಳವೆ ಭದ್ರವಾಗಿದೆ, ಅದರ ಕೆಳಗಿನ ಭಾಗ ಅಗಲ ಆಗಿಲ್ಲ. ಉಳಿದಿದ್ದು ನಿಮಗೆ ಗೊತ್ತೇ ಇದೆ, ಪೂರ್ತಿ ಮತ್ತೆ ಬರೆಯಲ್ಲ.

ರಕ್ತ ಕೊಟ್ಟವರಿಗೆ, ಕೊಡೋಕೆ ಬಂದು ಹಿಮೋಗ್ಲೋಬಿನ್ ಸಾಲದೆ ಬೇಜಾರಲ್ಲಿ ವಾಪಸ್ ಹೋದವರಿಗೆ, ಊರಲ್ಲಿ ನಮ್ಮ ಹಸುಗಳ ಹಾಲು ಕರೆದು ಡೈರಿಗೆ ಹಾಕಿದವರಿಗೆ, ದುಡ್ಡು ಕಳಿಸಿ ಫೋನೇ ಎತ್ತದವರಿಗೆ, ಅಮ್ಮನಿಗೆ ಗದರಿಸಿ ಇಡ್ಲಿ ತಿನ್ನಿಸಿದ ಸೋದರತ್ತೆಗೆ, ಹಾಸನದಿಂದ ಬೆಂಗಳೂರಿನವರೆಗೆ ಆಂಬುಲೆನ್ಸ್ ಓಡಿಸಿದ ಹುಡುಗನಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ಮೊದಲು ನೋಡಿದ ಡ್ಯೂಟಿ ಡಾಕ್ಟರಮ್ಮನಿಗೆ ಇನ್ನೊಂದು ನಮಸ್ಕಾರ ಹೆಚ್ಚಿಗೆ. ಎದೆನೋವು ಅಂದಾಗ ನಾವೆಲ್ಲ ಹಾರ್ಟ್ ಅಟ್ಯಾಕ್ ಅಂತಲೇ ತೀರ್ಮಾನ ಮಾಡಿಬಿಟ್ಟಿದ್ವಿ. ನೋವು ಬೆನ್ನಿಗೆ ಇಳೀತಿದೆ, ಸೀಳಿದ ಹಾಗಿದೆ ಅಂತ ಅಪ್ಪ ಹೇಳಿದ್ದನ್ನ ಕಿವಿಗೆ ಹಾಕ್ಕೊಂಡವರು ಅವರೊಬ್ಬರೇ. ಎರಡೂ ಕೈಗೆ ಬಿಪಿ ಪಟ್ಟಿ ಕಟ್ಟಿ ನೋಡಿದ್ರು. ಬಲಗೈಲಿ 180, ಎಡಗೈಲಿ 120. ರಕ್ತ ತೆಳು ಮಾಡೋ ಇಂಜೆಕ್ಷನ್ ತಯಾರಾಗಿತ್ತು, ಬೇಡ ಅಂತ ತೆಗೆಸಿಬಿಟ್ರು. ಹಾರ್ಟ್ ಅಟ್ಯಾಕಿಗೆ ಪ್ರಾಣ ಉಳಿಸೋ ಆ ಮದ್ದು ಇಲ್ಲಿ ಪ್ರಾಣ ತೆಗೆಯಬಹುದಿತ್ತಂತೆ.

ಇನ್ನು ಮೇಷ್ಟ್ರು. ಅಪ್ಪನ ಸ್ನೇಹಿತರು, ಪಿಯು ಕಾಲೇಜಲ್ಲಿ ಜೀವಶಾಸ್ತ್ರ ಹೇಳಿ ರಿಟೈರ್ ಆದವರು. ಯಾರೂ ಕರೆದಿರಲಿಲ್ಲ, ಲಾಸ್ಟ್ ಬಸ್ ಹಿಡಿದು ಬಂದಿದ್ರು. ಅಪ್ಪನನ್ನ ಒಳಗೆ ತಗೊಂಡು ಹೋದ ಮೇಲೆ ಅಮ್ಮನನ್ನ ಮಲಗಿಸಿ ನಾನು ಆಚೆ ಬಂದೆ. ಬಂದವರೆಲ್ಲ "ಏನೂ ಆಗಲ್ಲ, ದೇವರಿದ್ದಾನೆ" ಅಂತ ಹೇಳಿ ಹೋಗಿದ್ರು. ಮೇಷ್ಟ್ರು ಮಾತ್ರ "ಸಹಿ ಹಾಕಿದ ಫಾರಂ ಓದಿದ್ಯೇನಮ್ಮ?" ಅಂದ್ರು. ಓದಿದ್ದೆ, ಒಂದಕ್ಷರ ತಲೆಗೆ ಹೋಗಿರಲಿಲ್ಲ.

ಜೇಬಿಂದ ಮೆಡಿಕಲ್ ಶಾಪಿನ ಬಿಲ್ ತೆಗೆದು, ಹಿಂದೆ ತಿರುಗಿಸಿ, ಉತ್ತರ ಪತ್ರಿಕೆ ತಿದ್ದೋ ಕೆಂಪು ಪೆನ್ನಲ್ಲೇ ಬರೆಯೋಕೆ ಶುರು ಮಾಡಿದ್ರು. ಹೃದಯದ ಎಡಭಾಗದಿಂದ ಮೇಲಕ್ಕೆ ಏರಿ, ಕಮಾನಾಗಿ ಬಾಗಿ, ಬೆನ್ನುಮೂಳೆಗೆ ಒತ್ತಿಕೊಂಡು ಕೆಳಗಿಳಿದು, ಎದೆಗೂ ಹೊಟ್ಟೆಗೂ ನಡುವಿನ ಪರದೆ, ವಪೆ, ದಾಟಿ, ಹೊಕ್ಕಳಿನ ಮಟ್ಟದಲ್ಲಿ ಎರಡು ಕವಲಾಗೋ ಕೊಳವೆ, ಅಯೋರ್ಟಾ. ಅದು ಹೊರಡೋ ಕಡೆ, ಕವಾಟದ ಪಕ್ಕದಲ್ಲೇ, ಹೃದಯಕ್ಕೇ ರಕ್ತ ಕೊಡೋ ಎರಡು ರಕ್ತನಾಳ. ಕಮಾನಿನ ಮೇಲೆ ಮೂರು ಕವಲು, ಮೂರನೆಯದು ಎಡಗೈಗೆ. "ಎಡಗೈ ಬಿಪಿ ಯಾಕೆ ಕಮ್ಮಿ ಬಂತು ಅಂತ ಈಗ ಗೊತ್ತಾಯ್ತಾ? ಸೀಳು ಇಲ್ಲಿಗೂ ಬಂದಿದೆ." ಗೋಡೆಗೆ ಮೂರು ಪದರ. ಒಳಪದರ ಹರಿದಿದೆ, ರಕ್ತ ನಡು ಪದರಕ್ಕೆ ನುಗ್ಗಿದೆ, ಗಾರೆ ಬಿಟ್ಟ ಗೋಡೆಯೊಳಗೆ ಮಳೆನೀರು ಇಳಿದ ಹಾಗೆ ದಾರಿ ಮಾಡ್ಕೊಂಡು ಹೋಗ್ತಿದೆ. ಹೊರಪದರ ತಡೆದಿರೋದ್ರಿಂದ ಅಪ್ಪ ಇದ್ದಾರೆ. ಸೀಳು ಹೃದಯದ ಪಕ್ಕದಲ್ಲೇ ಇರೋದ್ರಿಂದ ಇದು ಎ ಟೈಪ್. ಆಪರೇಷನ್ ಆಗದೆ ಕಳೆದ ಒಂದೊಂದು ಗಂಟೆಗೂ ನೂರರಲ್ಲಿ ಒಬ್ಬಿಬ್ಬರು ಹೋಗಿಬಿಡ್ತಾರೆ, ಬೆಳಗಾಗೋವರೆಗೆ ಕಾಯದೆ ಅದಕ್ಕೇ ತಗೊಂಡ್ರು ಅಂದ್ರು.

"ಸತ್ತುಹೋಗ್ತಾರಾ ಮೇಷ್ಟ್ರೇ?" ಅಂತ ಕೇಳಿದೆ.

"ಸಾಯಬಹುದು ಕಣಮ್ಮ."

ಅತ್ತುಬಿಟ್ಟೆ. ಆ ಕಾರಿಡಾರಲ್ಲಿ ನಾಚಿಕೆ ಬಿಟ್ಟು ಜೋರಾಗಿ ಅತ್ತೆ. ಅವರು ನನ್ನ ತಲೆ ಸವರಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ, ಪಕ್ಕದಲ್ಲಿ ಕೂತಿದ್ರು. ಹೇಳಬಾರದಿತ್ತು ಅಂತ ಆಮೇಲೆ ನಮ್ಮಣ್ಣ ಬೈದ. ನನಗೆ ಹಾಗನ್ನಿಸಿಲ್ಲ. ಆ ಒಂದು ಮಾತಿಂದಾಗಿ, ಆಮೇಲೆ ಅವರು ಹೇಳಿದ ಒಳ್ಳೇದನ್ನೂ ನಂಬೋಕಾಯ್ತು.

ಟೀ ತಂದುಕೊಟ್ಟು ಡಿಬೇಕಿ ಕಥೆ ಹೇಳಿದ್ರು. ಅಮೆರಿಕದ ಸರ್ಜನ್, 1950ರ ದಶಕದಲ್ಲಿ ಡೇಕ್ರಾನ್ ಅನ್ನೋ ಪಾಲಿಯೆಸ್ಟರ್ ಬಟ್ಟೆ ತಂದು, ಹೆಂಡತಿಯ ಹೊಲಿಗೆ ಮಿಷನ್ನಲ್ಲಿ ರಕ್ತನಾಳದ ಕೊಳವೆ ಹೊಲಿದವರು. ಈ ಸೀಳಿಗೆ ಆಪರೇಷನ್ ದಾರಿ ತೋರಿಸಿದವರಲ್ಲೂ ಮೊದಲಿಗರು. 97ನೇ ವಯಸ್ಸಲ್ಲಿ ಅವರದೇ ಅಯೋರ್ಟಾ ಸೀಳಿತು. 2006ರಲ್ಲಿ ಅವರದೇ ಆಸ್ಪತ್ರೆಯ ಡಾಕ್ಟರುಗಳು ಆಪರೇಷನ್ ಮಾಡಿದ್ರು, ಎದ್ದು ಓಡಾಡಿದ್ರು, 99 ತುಂಬೋವರೆಗೆ ಬದುಕಿದ್ರು. "ನಿಮ್ಮಪ್ಪಂಗೆ ಇನ್ನೂ ಅರವತ್ತೊಂದು" ಅಂತ ಪೆನ್ನಿನ ಕ್ಯಾಪ್ ಹಾಕಿದ್ರು.

ಬೆಳಿಗ್ಗೆ ಸರ್ಜನ್ ಬಂದು ದೇಹ ತಣ್ಣಗೆ ಮಾಡಿದ್ದು, ರಕ್ತ ಓಡಾಟ ಸ್ವಲ್ಪ ಹೊತ್ತು ನಿಲ್ಲಿಸಿ ಹೊಲಿದಿದ್ದು ಎಲ್ಲ ಹೇಳುವಾಗ ನನಗೆ ಎಲ್ಲಿ, ಯಾವ ಭಾಗ ಅಂತ ಅರ್ಥ ಆಗ್ತಿತ್ತು. ಆ ಸರ್ಜನ್‌ಗೂ ಅವರ ತಂಡಕ್ಕೂ ಏನು ಹೇಳೋದು, ಅಪ್ಪ ನಡೆದಾಡ್ತಿರೋದೇ ಅವರ ಕೈಚಳಕ.

ಪೂರ್ತಿ ವಾಸಿ ಆಯ್ತಾ ಅಂತ ಎಲ್ಲರೂ ಕೇಳ್ತೀರಿ. ಇಲ್ಲ. ಏರೋ ಭಾಗ ಮಾತ್ರ ಹೊಸದು, ಬೆನ್ನಿನ ಕಡೆ ಇಳಿಯೋ ಭಾಗದಲ್ಲಿ ಸೀಳು ಹಾಗೇ ಇದೆ. ಬಿಪಿ ಏರಬಾರದು, ವರ್ಷಕ್ಕೊಂದು ಸ್ಕ್ಯಾನ್ ತಪ್ಪಬಾರದು, ತೆಂಗಿನಕಾಯಿ ಮೂಟೆ ಮುಟ್ಟಬಾರದು. ಬೀಡಿ ಬಿಟ್ಟಿದ್ದಾರೆ, ಬೈಗುಳ ಬಿಟ್ಟಿಲ್ಲ.

ಇದು ರಕ್ತಸಂಬಂಧದಲ್ಲಿ ಬರಬಹುದು ಅಂತ ಡಾಕ್ಟರ್ ಹೇಳಿದ್ದಕ್ಕೆ ನಾನು, ಅಣ್ಣ, ದೊಡ್ಡಪ್ಪ ಎಲ್ಲ ಎಕೋ (ಹೃದಯದ ಸ್ಕ್ಯಾನ್) ಮಾಡಿಸ್ಕೊಂಡ್ವಿ. ಚಿಕ್ಕಪ್ಪ, ಉಳಿದಿರೋದು ನೀವೊಬ್ಬರೇ. ಸೋಮವಾರಕ್ಕೆ ಹೆಸರು ಬರೆಸಿದ್ದೀನಿ, ಮೇಷ್ಟ್ರೇ ಬಂದು ಕರ್ಕೊಂಡು ಹೋಗ್ತಾರಂತೆ.