ಆಫೀಸಿನ ‘ತಮಾಷೆ’ ಬಗ್ಗೆ ಗುಂಪಿನವರಿಗೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ಆಫೀಸಿನ ಕುಣಬಿ ಸಹೋದ್ಯೋಗಿಗಳನ್ನು ಗೇಲಿ ಮಾಡಿ ನಿನ್ನೆ ನಮ್ಮ ಈ ಗೋವಾ ಕನ್ನಡಿಗರ ಗುಂಪಿನಲ್ಲಿ ಬಂದ ಮೀಮ್ ತೆಗೆದಿದ್ದೇನೆ, ಯಾರು ಹಾಕಿದ್ದು ಅನ್ನೋದು ಬೇಡ. ಕುಣಬಿ, ಗಾವಡಾ, ವೆಳಿಪ ಜನ ಗೋವಾದ ಮೂಲನಿವಾಸಿಗಳು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವರು. ವೆರ್ಣಾದಲ್ಲೋ ಪಣಜಿಯಲ್ಲೋ ನಮ್ಮ ಪಕ್ಕದ ಸೀಟಿನಲ್ಲೇ ಕೆಲಸ ಮಾಡುತ್ತಾರೆ. ಟ್ರೆಡಿಷನಲ್ ಡೇ ಬಂತು ಅಂದ್ರೆ ಕೆಂಪು ಚೌಕಳಿಯ ಕುಣಬಿ ಸೀರೆ ಎಲ್ಲರಿಗೂ ಬೇಕು, ಫೋಟೋನೂ ಬೇಕು. ಅದೇ ಸಮುದಾಯದ ಹುಡುಗಿಗೆ ಪ್ರಮೋಷನ್ ಸಿಕ್ಕರೆ ಮಾತ್ರ ಊಟದ ಟೇಬಲ್‌ನಲ್ಲಿ ‘ಕೋಟಾ’ ಅಂತ ಗುಸುಗುಸು, ಅದೂ ಮೀಸಲಾತಿಯೇ ಇಲ್ಲದ ಖಾಸಗಿ ಕಂಪನಿಯಲ್ಲಿ! ಕನ್ನಡಿಗರಾದ ನಮ್ಮನ್ನು ಇಲ್ಲಿ ‘ಘಾಂಟಿ’ (ಘಟ್ಟದ ಆಚೆಯವರು ಅಂತ ಹೀಯಾಳಿಸೋ ಮಾತು) ಅಂದಾಗ ಎಷ್ಟು ಉರಿಯುತ್ತೆ ಅಂತ ಗೊತ್ತಲ್ವಾ.

ಇಂಥ ಮಾತು ಕಿವಿಗೆ ಬಿದ್ದರೆ ಸುಮ್ನೆ ನಗಬೇಡಿ. ‘ಇದರಲ್ಲಿ ತಮಾಷೆ ಏನು, ಸ್ವಲ್ಪ ಬಿಡಿಸಿ ಹೇಳಿ’ ಅಂತ ಕೇಳಿ. ಜಾಸ್ತಿ ಜನ ಅಲ್ಲೇ ತಡವರಿಸುತ್ತಾರೆ. ಆಮೇಲೆ ಆ ಸಹೋದ್ಯೋಗಿಯನ್ನು ಬೇರೆಯಾಗಿ ಮಾತಾಡಿಸಿ, ಅವರಿಗೆ ಏನು ಬೇಕು ಅಂತ ಕೇಳಿ. ಅವರನ್ನು ಕೇಳದೆ ನೀವೇ ದೂರು ಬರೆದು ಹೀರೋ ಆಗೋದು ಬೇಡ. ಯಾವತ್ತು, ಯಾರ ಎದುರು, ಏನಂದರು ಅನ್ನೋದನ್ನು ಅವತ್ತೇ ಬರೆದಿಟ್ಟುಕೊಳ್ಳಿ. ಸಾಕ್ಷಿ ಹೇಳೋ ಹೊತ್ತಿಗೆ ಎಲ್ಲರಿಗೂ ಮರೆವು ಬರುತ್ತೆ.

ಕಾನೂನೂ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆ ಪ್ರಕಾರ, ಪರಿಶಿಷ್ಟರನ್ನು ನಾಲ್ಕು ಜನರ ಎದುರು ಜಾತಿ ಹೆಸರು ಹಿಡಿದು ಬೈದವರಿಗೆ 6 ತಿಂಗಳಿಂದ 5 ವರ್ಷದವರೆಗೆ ಜೈಲು, ಜೊತೆಗೆ ದಂಡ. ಸಹಾಯವಾಣಿ 14566.

ಎಚ್‌ಆರ್‌ಗೆ ಹೇಗೆ ಬರೆಯೋದು ಅಂತ ಬೇಕಿದ್ದವರು ನನಗೆ ಬೇರೆಯಾಗಿ ಮೆಸೇಜ್ ಮಾಡಿ. ಇನ್ನು ಮುಂದೆ ಇಂಥ ಮೀಮ್ ಬಂದರೆ ಕೇಳದೆ ತೆಗೆಯುತ್ತೇನೆ.