ಮಧುಗಿರಿ: ಹತ್ತುವ ಮುನ್ನ ಇಳಿಯುವ ಲೆಕ್ಕ

ಡಿಸೆಂಬರ್ ರಜೆಗೆ ವಿದೇಶದಿಂದ ಊರಿಗೆ ಹೊರಟವರಲ್ಲಿ ಹಲವರು ಈ ಸಲ ಮಕ್ಕಳಿಗೆ ಬೆಟ್ಟದ ಕೋಟೆಯೊಂದನ್ನು ಹತ್ತಿಸಬೇಕು ಅಂತಿದ್ದಾರೆ. ನಮ್ಮ ಮತ ಮಧುಗಿರಿಗೆ. ಬೆಂಗಳೂರಿನಿಂದ ದಾಬಸ್‌ಪೇಟೆ, ಕೊರಟಗೆರೆ ದಾರಿಯಾಗಿ ಸುಮಾರು 100 ಕಿ.ಮೀ.; ಒಂದೇ ದಿನದಲ್ಲಿ ಮುಗಿಯುತ್ತದೆ.

ಬೆಟ್ಟದ ಎತ್ತರ ಸುಮಾರು 3,900 ಅಡಿ ಎಂದು ಓದಿ ಗಾಬರಿಯಾಗಬೇಡಿ. ಅದು ಸಮುದ್ರಮಟ್ಟದ ಲೆಕ್ಕ. ಊರೇ 2,600 ಅಡಿಯ ಆಸುಪಾಸಿನಲ್ಲಿದೆ, ಹತ್ತಬೇಕಾದದ್ದು ಹೆಚ್ಚುಕಡಿಮೆ 1,300 ಅಡಿ. ಆದರೆ ಇದು ಏಕಶಿಲಾ ಬೆಟ್ಟ. ನೀವಿರುವ ಕಡೆಯ ಕಾಡುಹಾದಿಗಳಂತೆ ಇಲ್ಲಿ ನೆರಳಿಲ್ಲ. ಹತ್ತು ಗಂಟೆಯ ಮೇಲೆ ಬಂಡೆ ಕಾದು, ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ.

ಆದ್ದರಿಂದ ಬೆಳಗಿನ ನಾಲ್ಕಕ್ಕೆ ಬೆಂಗಳೂರು ಬಿಡಿ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದೇ 6.40ರ ಹೊತ್ತಿಗೆ, ಬೆಳಕು ಹರಿದ ಕೂಡಲೇ ಹೆಜ್ಜೆ ಹಾಕಿದರೆ ಎರಡು, ಎರಡೂವರೆ ಗಂಟೆಯಲ್ಲಿ ತುದಿ. ಒಂಬತ್ತೂವರೆಯಾದರೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ. ಇಳಿಯಲೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕೆಂಬುದನ್ನು ಮರೆಯುವವರೇ ಹೆಚ್ಚು. ಕೋಟೆಯ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆಂದು ಹಿಂದಿನ ದಿನವೇ ಊರಿನವರನ್ನು ಕೇಳಿಕೊಳ್ಳಿ.

ಮೊದಲರ್ಧ ಸುಲಭ: ಮೆಟ್ಟಿಲು, ಕೋಟೆಗೋಡೆ, ಒಂದರ ಮೇಲೊಂದು ಬಾಗಿಲು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಇಲ್ಲೇ. 1767ರಲ್ಲಿ ಮರಾಠರು ಕೋಟೆ ಹಿಡಿದು ರಾಣಿಯನ್ನು ಬಿಡಿಸಿದರು. ಈ ಕತೆಯನ್ನು ಮಕ್ಕಳಿಗೆ ಇಲ್ಲಿಯೇ ಹೇಳಿಬಿಡಿ, ಮೇಲೆ ಹೋದಂತೆ ಮಾತಾಡಲು ಉಸಿರಿರುವುದಿಲ್ಲ.

ಆಮೇಲಿನದು ಬೋಳು ಬಂಡೆ. ಹೆಜ್ಜೆಯಿಡಲು ಕೆತ್ತಿದ ಕಚ್ಚುಗಳು ಮುಂಗಾಲು ಮಾತ್ರ ಹಿಡಿಸುವಷ್ಟಿವೆ. ಕಂಬಿ ಎಲ್ಲ ಕಡೆ ಇಲ್ಲ. ಬಂಡೆಯಿಂದ ಉದುರಿದ ಹರಳುಮರಳು ಚೆಲ್ಲಿದ ರಾಗಿಯಂತೆ ಕಾಲಡಿ ಉರುಳುತ್ತದೆ. ನೀರು ಹರಿದ ಕಪ್ಪು ಪಟ್ಟೆಗಳು ಒಣಗಿದ್ದರೆ ಸರಿ, ಒದ್ದೆಯಾದರೆ ಪಾಚಿ ಜಾರುತ್ತದೆ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಕಾರ್ಯಕ್ರಮ ರದ್ದು, ಚರ್ಚೆ ಬೇಡ.

ಶೂ ವಿಷಯದಲ್ಲಿ ಒಂದು ಎಚ್ಚರಿಕೆ. ಅಮ್ಮನ ಮನೆಯ ಅಟ್ಟದಲ್ಲಿ ನಾಲ್ಕೈದು ವರ್ಷ ಇಟ್ಟ ಶೂ ನೋಡಲು ಹೊಸದರಂತಿದ್ದರೂ ಸೋಲ್ ಪುಡಿಯಾಗಿ ಕಿತ್ತುಬರುತ್ತದೆ. ಮನೆಯಲ್ಲೇ ಬಗ್ಗಿಸಿ ನೋಡಿ. ಗಟ್ಟಿ ಬೂಟಿಗಿಂತ ಮೆತ್ತನೆಯ ರಬ್ಬರ್ ಸೋಲ್ ಬಂಡೆಯನ್ನು ಚೆನ್ನಾಗಿ ಕಚ್ಚುತ್ತದೆ. ಕೋಲು ಬೇಡ, ಎರಡೂ ಕೈ ಖಾಲಿ ಇರಬೇಕು.

ಇಳಿಯುವಾಗ ಹೆದರಿಕೆಗೆ ದೇಹ ಹಿಂದಕ್ಕೆ ವಾಲುತ್ತದೆ. ವಾಲಿದಷ್ಟೂ ಪಾದ ಮುಂದಕ್ಕೆ ಜಾರುತ್ತದೆ. ಮಂಡಿ ಸ್ವಲ್ಪ ಮಡಚಿ, ಭಾರ ಪಾದದ ನೇರಕ್ಕೆ ತನ್ನಿ. ತೀರಾ ಕಡಿದಾದಲ್ಲಿ ಬಂಡೆಗೆ ಮುಖಮಾಡಿ ಏಣಿಯಿಳಿದಂತೆ ಇಳಿಯಿರಿ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಬೇಡ. ಹೆಗಲ ಮೇಲೆ ಮಗುವನ್ನು ಹೊತ್ತು ಹೋಗುವುದಂತೂ ಕೂಡದು.

ತಲೆಗೆ ಎರಡು ಲೀಟರ್ ನೀರು ಬೇಕೇ ಬೇಕು, ಮೇಲೆ ಕುಡಿಯುವ ನೀರಿಲ್ಲ. ಒಆರ್‌ಎಸ್, ಕಡಲೆಕಾಯಿ ಚಿಕ್ಕಿ, ಇಡ್ಲಿ ಸಾಕು. ಪ್ಲಾಸ್ಟಿಕ್ ಕವರ್ ಕೈಯಲ್ಲಿ ತೂಗಾಡಿದರೆ ಕೋತಿ ಗ್ಯಾರಂಟಿ. ಎಲ್ಲ ಬೆನ್ನಿನ ಚೀಲದೊಳಗಿರಲಿ. ಹೆಸರಲ್ಲೇ ಜೇನಿರುವ ಬೆಟ್ಟ: ಬಂಡೆಯ ಮಗ್ಗುಲಲ್ಲಿ ಹೆಜ್ಜೇನು ಕಂಡರೆ ಗಲಾಟೆ, ಹೊಗೆ, ಡ್ರೋನ್ ಯಾವುದೂ ಬೇಡ. ಗಾಢ ಸೆಂಟನ್ನು ಮನೆಯಲ್ಲೇ ಬಿಡಿ.

ತುದಿಯಲ್ಲಿರುವುದು ಗೋಪಾಲಕೃಷ್ಣ ದೇವಸ್ಥಾನದ ಪಾಳು ಮತ್ತು ಕಣಜಗಳು. ಮಂಡಿನೋವಿನ ಹಿರಿಯರು ಮೊದಲ ಬಾಗಿಲುಗಳವರೆಗೆ ಬಂದು, ಕೆಳಗಿನ ವೆಂಕಟರಮಣ, ಮಲ್ಲೇಶ್ವರ ಗುಡಿಗಳಲ್ಲಿ ಕಾಯಬಹುದು. ಸಂಜೆಗೆ ಶಕ್ತಿ ಉಳಿದಿದ್ದರೆ ಅದೇ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. ವಿಮಾನ ಇಳಿದ ಮೊದಲ ಮೂರು ದಿನ ಮಾತ್ರ ಇದಾವುದೂ ಬೇಡ. ನಿದ್ದೆಗೆಟ್ಟ ಕಾಲು ಬಂಡೆಯ ಮೇಲೆ ಮಾತು ಕೇಳುವುದಿಲ್ಲ.