ಅಪ್ಪನ ಕಡೆಯಿಂದ ಬಂದದ್ದು

ಪ್ರೀತಿಯ ಅಕ್ಕ,

ನಾನಿಲ್ಲಿ ಕ್ಷೇಮ. ಕಾಗದಕ್ಕೆ ಒಂದು ಮೊದಲ ಸಾಲು ಬೇಕಲ್ಲ ಅಂತ ಬರೆದದ್ದಲ್ಲ ಇದು. ನಿಜವಾಗಿಯೂ ಕಾಯಿಲೆಯೇನೂ ಇಲ್ಲ. ಮೊದಲೇ ಹೇಳಿಬಿಟ್ಟೆ, ಏಕೆಂದರೆ ಮುಂದಿನದನ್ನು ಓದಿ ನೀನು ಗಾಬರಿಯಾಗುತ್ತೀಯ. ನನ್ನ ರಕ್ತಪರೀಕ್ಷೆಯ ರಿಪೋರ್ಟು ಬಂತು. ಅಂಡಾಶಯದ ಕ್ಯಾನ್ಸರ್ ಆಗಿರುವ ನಮ್ಮ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಇರುವ ಅದೇ ಜೀನ್ ದೋಷ ನನಗೂ ಇದೆ.

ಫೋನಿನಲ್ಲೇ ಹೇಳಬಹುದಿತ್ತು. ಹೇಳಿದ್ದರೆ ನೀನು ಅಳುತ್ತಿದ್ದೆ, ನಾನು ಸಮಾಧಾನ ಮಾಡುತ್ತಿದ್ದೆ, ವಿಷಯ ಅಲ್ಲಿಗೇ ನಿಲ್ಲುತ್ತಿತ್ತು. ಕಾಗದವಾದರೆ ಇನ್ನೊಂದು ಸಲ ಓದಬಹುದು, ಡಾಕ್ಟರ ಮುಂದೆ ಹಿಡಿಯಬಹುದು.

ಹೋದ ವರ್ಷ ನೀನು ತಪಾಸಣೆಗೆ ಹೋದಾಗ ಆ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ತಾಯಿಗೆ ಇತ್ತಾ?" ಇಲ್ಲ ಅಂದೆ. "ಹಾಗಾದರೆ ಯೋಚನೆ ಬೇಡ" ಅಂದು ಕಳಿಸಿಬಿಟ್ಟರು. ಸ್ತನದ, ಅಂಡಾಶಯದ ಕ್ಯಾನ್ಸರ್ ಎಂದ ಕೂಡಲೇ ತಾಯಿಯ ಕಡೆಗೆ ತಿರುಗಿ ನೋಡುವುದು ಎಲ್ಲರಿಗೂ ಅಭ್ಯಾಸ. ಆದರೆ ಬಿಆರ್‌ಸಿಎ2 ಎಂಬ ಈ ಜೀನ್ ಇರುವುದು 13ನೇ ವರ್ಣತಂತುವಿನಲ್ಲಿ. ಹುಟ್ಟುವ ಮಗು ಗಂಡೋ ಹೆಣ್ಣೋ ಎಂದು ತೀರ್ಮಾನಿಸುವ ವರ್ಣತಂತುಗಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಮ್ಮನಿಂದ ಬರುವಷ್ಟೇ ಸಲೀಸಾಗಿ ಅಪ್ಪನಿಂದಲೂ ಬರುತ್ತದೆ, ಅಪ್ಪನಿಗೆ ಏನೂ ಆಗದಿದ್ದರೂ. ಅಜ್ಜಿ 47ಕ್ಕೇ "ಹೊಟ್ಟೆಯಲ್ಲಿ ಗಡ್ಡೆಯಾಗಿ" ಹೋದರು ಅಂತಾರಲ್ಲ, ಅದು ಅಂಡಾಶಯದ್ದೇ ಇದ್ದಿರಬೇಕು ಅಂತ ಈಗ ಅನಿಸುತ್ತದೆ. ಅಜ್ಜಿಯಿಂದ ಅಪ್ಪನಿಗೂ ಅತ್ತೆಗೂ, ಅಪ್ಪನಿಂದ ನನಗೆ. ನಡುವೆ ಒಬ್ಬ ಗಂಡಸು ಬಂದದ್ದಕ್ಕೆ ಜಾಡು ತಪ್ಪಿತು, ಅಷ್ಟೆ.

ಇಲ್ಲಿನ ಜೆನೆಟಿಕ್ ಕೌನ್ಸೆಲರ್, ಅಂದರೆ ವಂಶದೋಷಗಳ ಬಗ್ಗೆ ಸಲಹೆ ಕೊಡುವವರು, ಅರ್ಧ ಗಂಟೆ ಚಿತ್ರ ಬರೆದು ವಿವರಿಸಿದರು. ನನಗೆ ಸರಿಯಾಗಿ ತಲೆಗೆ ಹೋದದ್ದು ಮನೆಗೆ ಬಂದು, ನೀನು ಚಿಕ್ಕಂದಿನಲ್ಲಿ ನನಗೆ ಬರೆಸುತ್ತಿದ್ದ ಉಕ್ತಲೇಖನ ನೆನಪಾದ ಮೇಲೆ. 'ಕಥೆ' ಅಂತ ಬರೆದರೂ 'ಕತೆ' ಅಂತ ಬರೆದರೂ ನೀನು ಸುಮ್ಮನೆ ಬಿಡುತ್ತಿದ್ದೆ. 'ಕತ್ತೆ'ಯ ಒತ್ತು ನುಂಗಿ 'ಕತೆ' ಅಂತ ಬರೆದಾಗ ಮಾತ್ರ ಕಿವಿ ಹಿಂಡುತ್ತಿದ್ದೆ. ಜೀನ್‌ಗಳಲ್ಲೂ ಹಾಗೆಯೇ. ಒಬ್ಬರ ಡಿಎನ್‌ಎ ಬರಹಕ್ಕೂ ಇನ್ನೊಬ್ಬರ ಬರಹಕ್ಕೂ ಲಕ್ಷಾಂತರ ಅಕ್ಷರಗಳ ವ್ಯತ್ಯಾಸವಿದೆ. ಬಹುಪಾಲು ಕಥೆ, ಕತೆಯಂಥವು, ಅರ್ಥ ಕೆಡುವುದಿಲ್ಲ. ನಮ್ಮನೆಯದು ಅಂಥದ್ದಲ್ಲ. ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ. ಜೀವಕೋಶ ಈ ಬರಹವನ್ನು ಮೂರು ಮೂರು ಅಕ್ಷರವಾಗಿ ಓದುತ್ತದಂತೆ, ಹಾಗಾಗಿ ಅಲ್ಲಿಂದ ಮುಂದಿನದೆಲ್ಲ ಪಲ್ಲಟವಾಗಿ ವಾಕ್ಯ ನಡುವೆಯೇ ನಿಂತುಬಿಡುತ್ತದೆ. 3418 ಅಮೈನೋ ಆಮ್ಲಗಳಷ್ಟು ಉದ್ದವಿರಬೇಕಾದ ಪ್ರೋಟೀನು ಮೊಟಕಾಗುತ್ತದೆ.

ಅತ್ತೆಯ ರಿಪೋರ್ಟಿನ ಎರಡನೇ ಸಾಲು ನೋಡಿ "ಇನ್ನೊಂದೂ ಇದೆಯಲ್ಲೋ" ಅಂತ ಹೆದರಿದ್ದೆಯಲ್ಲ, ಎಟಿಎಂ ಎಂಬ ಬೇರೊಂದು ಜೀನಿನದು, ಅದನ್ನು ಮರೆತುಬಿಡು. ಅದು ನಿಘಂಟಿನಲ್ಲಿ ಇನ್ನೂ ಸೇರದ ಪದ. ಕೆಟ್ಟದ್ದೋ ಅಲ್ಲವೋ ಯಾರೂ ತೀರ್ಮಾನಿಸಿಲ್ಲ. ಇಂಥವು ಮುಂದೆ ಹೆಚ್ಚಾಗಿ ನಿರುಪದ್ರವಿ ಎಂದೇ ಗೊತ್ತಾಗುತ್ತವೆ. ಈವರೆಗಿನ ಅಧ್ಯಯನಗಳಲ್ಲಿ ಬಹುಪಾಲು ಯುರೋಪಿಯನ್ ಮೂಲದವರನ್ನೇ ನೋಡಿರುವುದರಿಂದ ನಮ್ಮಂಥವರ ರಿಪೋರ್ಟುಗಳಲ್ಲಿ ಈ ಸಾಲು ಜಾಸ್ತಿ ಬರುತ್ತದೆ. ಆ ಸಾಲನ್ನು ನಂಬಿ ಯಾವ ಆಪರೇಷನ್ನೂ ಮಾಡಿಸಬಾರದು.

ಇನ್ನು ನಿನ್ನ ಪ್ರಶ್ನೆ: "ಇದ್ದರೆ ಬಂದೇ ಬರುತ್ತಾ?" ಇಲ್ಲ. ನಮಗೆ ಬರುವುದು ಕ್ಯಾನ್ಸರ್ ಅಲ್ಲ, ಒಂದು ಕೆಟ್ಟ ಪ್ರತಿ. ಇಂಥ ಒಂದೊಂದು ಜೀನಿಗೂ ಎರಡು ಪ್ರತಿ ಇರುತ್ತವೆ, ಅಪ್ಪನದೊಂದು, ಅಮ್ಮನದೊಂದು. ತುಂಡಾದ ಡಿಎನ್‌ಎ ಎಳೆಯನ್ನು ಸರಿಯಾಗಿ ಜೋಡಿಸುವುದು ಬಿಆರ್‌ಸಿಎ2ರ ಕೆಲಸ; ಅಪ್ಪನ ಪ್ರತಿ ಕೆಟ್ಟಿದ್ದರೂ ಅಮ್ಮನ ಪ್ರತಿ ಆ ಕೆಲಸ ತೂಗಿಸುತ್ತದೆ. ಯಾವುದೋ ಒಂದು ಜೀವಕೋಶದಲ್ಲಿ ಆ ಎರಡನೆಯದೂ ಹಾಳಾದರೆ ಅಲ್ಲಿಂದ ತಪ್ಪುಗಳು ಒಂದರ ಮೇಲೊಂದು ಬೀಳುತ್ತಾ ಹೋಗುತ್ತವೆ. ಎರಡು ಏಟು ಬೇಕು ಎಂಬ ಈ ಲೆಕ್ಕವನ್ನು 1971ರಲ್ಲೇ ಆಲ್ಫ್ರೆಡ್ ನಡ್ಸನ್ ಎಂಬ ಅಮೆರಿಕದ ವೈದ್ಯರು ಮಕ್ಕಳ ಕಣ್ಣಿನ ಗಡ್ಡೆಗಳನ್ನು ನೋಡಿ ಹೇಳಿದ್ದರು. ವಂಶದಿಂದ ಬಂದ ಮಕ್ಕಳಿಗೆ ಬೇಗ, ಎಷ್ಟೋ ಸಲ ಎರಡೂ ಕಣ್ಣಿಗೆ; ಹಾಗಲ್ಲದ ಮಕ್ಕಳಿಗೆ ತಡವಾಗಿ, ಒಂದೇ ಕಣ್ಣಿಗೆ. ಮೊದಲಿನವರು ಒಂದು ಏಟು ತಿಂದೇ ಹುಟ್ಟಿರುತ್ತಾರೆ. ನಾನೂ ಹಾಗೆಯೇ.

ಅಂಕಿ ಬೇಕು ಅಂತೀಯ, ಗೊತ್ತು. ಬಿಆರ್‌ಸಿಎ2 ದೋಷವಿರುವ 100 ಹೆಂಗಸರಲ್ಲಿ 80 ವರ್ಷದೊಳಗೆ ಸುಮಾರು 69 ಜನಕ್ಕೆ ಸ್ತನ ಕ್ಯಾನ್ಸರ್, ಸುಮಾರು 17 ಜನಕ್ಕೆ ಅಂಡಾಶಯದ್ದು ಬರುತ್ತದೆ ಎಂದು 2017ರ ಒಂದು ದೊಡ್ಡ ಅಧ್ಯಯನ ಹೇಳುತ್ತದೆ. ಅಣ್ಣತಮ್ಮನಂತಿರುವ ಬಿಆರ್‌ಸಿಎ1ರಲ್ಲಿ 72 ಮತ್ತು 44. ಅಮೆರಿಕದ ಸಾಮಾನ್ಯ ಹೆಂಗಸರಲ್ಲಿ ಸ್ತನದ್ದು ಜೀವಮಾನದಲ್ಲಿ 100ಕ್ಕೆ 13ರಷ್ಟು. 69 ದೊಡ್ಡ ಸಂಖ್ಯೆಯೇ, ಸಣ್ಣದು ಮಾಡಿ ಹೇಳುವುದಿಲ್ಲ. ಆದರೆ ಉಳಿದ 31 ಜನರಿಗೆ ಅದೇ ದೋಷ ಹೊತ್ತುಕೊಂಡಿದ್ದರೂ 80ರೊಳಗೆ ಸ್ತನ ಕ್ಯಾನ್ಸರ್ ಬರುವುದಿಲ್ಲ. ಯಾಕೆ ಅವರಿಗಿಲ್ಲ? ಒಂದೊಂದೂ ಕೂದಲೆಳೆಯಷ್ಟು ಮಾತ್ರ ಅಪಾಯ ಏರಿಸುವ ಅಥವಾ ಇಳಿಸುವ ನೂರಾರು ಸಣ್ಣ ವ್ಯತ್ಯಾಸಗಳು, ಹಾರ್ಮೋನು, ವಯಸ್ಸು, ಸ್ವಲ್ಪ ಅದೃಷ್ಟ. ಅಂದಹಾಗೆ, ಇಂಥ ಒಂದು ಬಲವಾದ ವಂಶದೋಷದಿಂದ ಬರುವುದು ಒಟ್ಟು ಕ್ಯಾನ್ಸರ್‌ಗಳಲ್ಲಿ 100ಕ್ಕೆ 5ರಿಂದ 10 ಮಾತ್ರ. ಹಾಗಾಗಿ ಚಿಕ್ಕಪ್ಪ ತಂಬಾಕು ಬಿಡದಿರುವುದಕ್ಕೆ ನನ್ನ ರಿಪೋರ್ಟನ್ನು ನೆಪ ಮಾಡಿಕೊಳ್ಳದಿರಲಿ.

ನನಗೂ ಇದು ಬರೀ ದಾಟಿಸುವ ಕೆಲಸವಲ್ಲ. ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ, ಬಿಆರ್‌ಸಿಎ2 ಇದ್ದರೆ ಸಾಮಾನ್ಯಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇನ್ನೂ ಮುಖ್ಯ. ಬಂದರೆ ಎಷ್ಟೋ ಸಲ ಬೇಗ ಹರಡುವ ಜಾತಿಯದ್ದಾಗಿರುತ್ತದೆ. 40ರಿಂದ ಅದರ ಸುಳಿವು ಹುಡುಕುವ ಪಿಎಸ್‌ಎ ರಕ್ತಪರೀಕ್ಷೆ ಶುರು ಮಾಡಲು ಹೇಳಿದ್ದಾರೆ.

ನಿನ್ನ ಪಾಲಿಗೆ ಲೆಕ್ಕ ಸರಳ: ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ. ನನಗೆ ಬಿತ್ತು ಅಂದಮಾತ್ರಕ್ಕೆ ನಿನಗೆ ತಪ್ಪಿತು ಅಂತಲ್ಲ, ನಿನಗೂ ಬಿದ್ದೇ ಬೀಳುತ್ತದೆ ಅಂತಲೂ ಅಲ್ಲ. ಎಲ್ಲ ಜೀನ್‌ಗಳನ್ನೂ ನೋಡುವ ದೊಡ್ಡ ಪರೀಕ್ಷೆ ನಿನಗೆ ಬೇಡ. ಅತ್ತೆಯ ರಿಪೋರ್ಟಿನಲ್ಲಿರುವ ಆ ಒಂದು ಜಾಗ ಮಾತ್ರ ನೋಡಿಸು. ರಿಪೋರ್ಟಿನ ಪ್ರತಿಯನ್ನು ಕೈಯಲ್ಲೇ ಹಿಡಿದುಕೊಂಡು ಹೋಗು. ಇಲ್ಲ ಅಂತ ಬಂದರೆ ನಿನ್ನ ಅಪಾಯ ಹೆಚ್ಚುಕಡಿಮೆ ಎಲ್ಲರಷ್ಟೇ, ನಿನ್ನಿಂದ ಮಗಳಿಗೂ ಇದು ಹೋಗಿರುವುದಿಲ್ಲ. ಇದೆ ಅಂತ ಬಂದರೂ ಅವಳನ್ನು ಈಗಲೇ ಪರೀಕ್ಷೆಗೆ ಕೂರಿಸಬೇಡ. 14ರ ಹುಡುಗಿಗೆ ಅದರಿಂದ ಮಾಡುವುದೇನೂ ಇಲ್ಲ. ದೊಡ್ಡವಳಾದ ಮೇಲೆ ತಿಳಿಯಬೇಕೋ ಬೇಡವೋ ಅವಳೇ ಹೇಳಲಿ.

ನಿನಗೆ ಈಗ 41, ಆದ್ದರಿಂದ ಮುಂದಕ್ಕೆ ಹಾಕಬೇಡ ಅನ್ನುತ್ತಿದ್ದೇನೆ. ಸ್ತನವನ್ನು ಪ್ರತಿ ವರ್ಷ ಎಂಆರ್‌ಐ, ಮ್ಯಾಮೊಗ್ರಾಂ ಮಾಡಿಸಿ ಕಾಯಬಹುದು. ಅಂಡಾಶಯಕ್ಕೆ ಹಾಗೆ ನಂಬಿಕೊಳ್ಳಬಹುದಾದ ತಪಾಸಣೆಯೇ ಇಲ್ಲ. ಗೊತ್ತಾಗುವಾಗ ಅತ್ತೆಯ ಹಾಗೆ ಹೊಟ್ಟೆ ಊದಿರುತ್ತದೆ. ಹಾಗಾಗಿ ಬಿಆರ್‌ಸಿಎ2 ಇರುವವರಿಗೆ, ಮಕ್ಕಳು ಸಾಕು ಅನಿಸಿದ ಮೇಲೆ, 40ರಿಂದ 45ರೊಳಗೆ ಅಂಡಾಶಯ ಮತ್ತು ಗರ್ಭನಳಿಕೆಗಳನ್ನು ತೆಗೆಸುವುದು ಒಳ್ಳೆಯದು ಎನ್ನುತ್ತಾರೆ. 2013ರಲ್ಲಿ ಹಾಲಿವುಡ್ ನಟಿ ಏಂಜಲಿನಾ ಜೋಲಿ ಸ್ತನಗಳನ್ನೇ ತೆಗೆಸಿಕೊಂಡದ್ದನ್ನು ಓದಿದ್ದೀಯಲ್ಲ, ಅವರದು ಬಿಆರ್‌ಸಿಎ1. ಎಲ್ಲರೂ ಅಷ್ಟು ದೂರ ಹೋಗಬೇಕೆಂದಿಲ್ಲ. ನಿನ್ನ ದೇಹ, ನಿನ್ನ ತೀರ್ಮಾನ. ಭಾವನವರನ್ನೂ ಕರೆದುಕೊಂಡು ಹೋಗಿ ಕೂತು ಕೇಳು.

ಅತ್ತೆಗೆ ಒಂದು ಮಾತು ಹೇಳು. ಅವರು ನುಂಗುತ್ತಿರುವ ಓಲಾಪರಿಬ್ ಮಾತ್ರೆ ಕೆಲಸ ಮಾಡುವುದು ಈ ದೋಷದಿಂದಲೇ. ಕ್ಯಾನ್ಸರ್ ಕೋಶದಲ್ಲಿ ಬಿಆರ್‌ಸಿಎ2ರ ಎರಡೂ ಪ್ರತಿ ಹೋಗಿರುತ್ತವೆ, ಅದು ಇನ್ನೊಂದು ರಿಪೇರಿ ದಾರಿಯನ್ನು ನೆಚ್ಚಿ ಬದುಕಿರುತ್ತದೆ. ಮಾತ್ರೆ ಆ ದಾರಿಯನ್ನೂ ಮುಚ್ಚುತ್ತದೆ. ಒಂದು ಒಳ್ಳೆಯ ಪ್ರತಿ ಉಳಿದಿರುವ ಬೇರೆ ಕೋಶಗಳು ತಡೆದುಕೊಳ್ಳುತ್ತವೆ. "ನನ್ನಿಂದ ನಿಮಗೆಲ್ಲ ಕಷ್ಟ" ಅಂತ ಅವರು ಕೊರಗುವುದು ಬೇಡ. ಅವರು ಪರೀಕ್ಷೆ ಮಾಡಿಸಿಕೊಂಡಿದ್ದರಿಂದಲೇ ನಮಗೆಲ್ಲ ಎಲ್ಲಿ ನೋಡಬೇಕೆಂದು ಗೊತ್ತಾಯಿತು.

ನನಗೆ ನಿದ್ದೆ ಕೆಡಿಸುತ್ತಿರುವುದು ಅಪ್ಪನ ವಿಷಯ. "ಹೆಂಗಸರ ಕಾಯಿಲೆಗೆ ನನಗ್ಯಾಕೆ ಪರೀಕ್ಷೆ" ಅಂತ ಅವರು ರಕ್ತ ಕೊಡಲಿಲ್ಲ. ಆದರೆ ಅವರ ತಂಗಿಗೂ ಇದೆ, ಮಗನಿಗೂ ಇದೆ ಅಂದಮೇಲೆ ಅವರಿಗೆ ಇದ್ದೇ ಇರಬೇಕು. ಒಂದು ಹನಿ ರಕ್ತ ಕೊಡದ ಮನುಷ್ಯನ ಗುಟ್ಟನ್ನು ನನ್ನ ರಿಪೋರ್ಟು ಹೇಳಿಬಿಟ್ಟಿದೆ. ಅವರಿಗೆ 66, ಪ್ರಾಸ್ಟೇಟ್ ತಪಾಸಣೆ ಒಮ್ಮೆಯೂ ಆಗಿಲ್ಲ, ಸುಮ್ಮನಿರುವ ಹಾಗಿಲ್ಲ. ಅಮ್ಮನ ಮುಂದೆ "ನನ್ನಿಂದ ಮಕ್ಕಳಿಗೆ" ಎಂಬ ಮಾತು ಅವರ ಬಾಯಿಂದ ಬರಬಾರದು ಅಂತಲೂ ಇದೆ.

ಭಾನುವಾರ ರಾತ್ರಿ ನಾನೇ ಅವರಿಗೆ ಫೋನ್ ಮಾಡುತ್ತೇನೆ. ಅಲ್ಲಿಯವರೆಗೆ ನೀನು ಏನೂ ಹೇಳಬೇಡ. ಆದರೆ ಆ ಹೊತ್ತಿಗೆ ಮನೆಗೆ ಹೋಗಿ ಅವರ ಪಕ್ಕದಲ್ಲಿ ಕೂತಿರು.

ನಿನ್ನ ತಮ್ಮ